ಮನೆಗಿಂತ ಮೊದಲು ನೆಲ

ಕೊಯಮತ್ತೂರು ಜಿಲ್ಲೆಯ ವಾಲ್ಪಾರೈ ತಾಲ್ಲೂಕಿನಲ್ಲಿ ಕಲ್ಲಾರ್ ಎಂಬ ಹಾಡಿ ಇತ್ತು. ಮೇಟ್ಟುಪಾಳ್ಯಂ ದಾಟಿ ಊಟಿಗೆ ಹೋಗುವಾಗ ಹಣ್ಣಿನ ತೋಟದ ಪಕ್ಕ ಸಿಗುವ ಕಲ್ಲಾರ್ ಬೇರೆ. ಇದು ಆನೈಮಲೈ ಹುಲಿ ಮೀಸಲು ಪ್ರದೇಶದ ಮಾನಾಂಪಳ್ಳಿ ವಲಯದ ಕಾಡಿನೊಳಗಿನ ಕಲ್ಲಾರ್. ಕಾಡರ್ ಸಮುದಾಯದ ಇಪ್ಪತ್ತು ಚಿಲ್ಲರೆ ಕುಟುಂಬಗಳು ಅಲ್ಲಿ ಬಾಳುತ್ತಿದ್ದವು. 2019ರ ಆಗಸ್ಟ್ ಎರಡನೇ ವಾರದ ಮಳೆ ನಮ್ಮವರಿಗೂ ಚೆನ್ನಾಗಿ ನೆನಪಿದೆ. ಬೆಳಗಾವಿ, ಬಾಗಲಕೋಟೆ ಮುಳುಗಿದ್ದು ಆ ವಾರವೇ. ನೀಲಗಿರಿಯ ಅವಲಾಂಚಿಯಲ್ಲಿ ಒಂದೇ ದಿನ 900 ಮಿಲಿಮೀಟರ್ ಮೀರಿ ಸುರಿದದ್ದು, ವಯನಾಡಿನ ಪುತ್ತುಮಲ ಮತ್ತು ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಜಾರಿ ಜನ ಮಣ್ಣಿನಡಿ ಸೇರಿದ್ದು ಕೂಡ ಆಗಲೇ. ಅದೇ ಮಳೆಗೆ ಕಲ್ಲಾರಿನ ನೆಲವೂ ಕುಸಿಯಿತು.

ಜನ ಉಳಿದರು, ಊರು ಉಳಿಯಲಿಲ್ಲ. ಹತ್ತಿರದಲ್ಲೇ ತೆಪ್ಪಕುಳಮೇಡು ಎಂಬ ಎತ್ತರದ ಜಾಗವಿದೆ, ಅಲ್ಲಿ ಗುಡಿಸಲು ಹಾಕಿಕೊಳ್ಳುತ್ತೇವೆ ಎಂದು ಕಾಡರು ಹೇಳಿದರು. ಅದು ಹುಲಿ ಮೀಸಲಿನ ನೆಲ, ಆಗುವುದಿಲ್ಲ ಎಂಬ ಉತ್ತರ ಬಂತು. ಕೊನೆಗೆ ಅವರನ್ನು ತಾಯ್ಮುಡಿ ಎಂಬ ಟೀ ಎಸ್ಟೇಟಿನ ಹಳೆಯ ಲೈನ್ ಮನೆಗಳಿಗೆ ಸಾಗಿಸಲಾಯಿತು. ತಾತ್ಕಾಲಿಕ ವ್ಯವಸ್ಥೆ ಎಂದು ಹೇಳಿದ್ದರು. ತೆಪ್ಪಕುಳಮೇಡಿನ ನೆಲಕ್ಕೆ ಹಕ್ಕುಪತ್ರ ಸಿಕ್ಕಿದ್ದು 2021ರ ಕೊನೆಯಲ್ಲಿ. ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ, ಮತ್ತೆರಡು ಮಳೆಗಾಲ ಕಳೆದುಹೋದವು.

ಆ ಎರಡು ವರ್ಷ ಸಿಮೆಂಟಿಗಾಗಿ, ಇಟ್ಟಿಗೆಗಾಗಿ ಕಾದದ್ದಲ್ಲ. ಬಿದಿರು, ಮಣ್ಣು, ಹುಲ್ಲಿನಿಂದ ಮನೆ ಕಟ್ಟುವುದು ಕಾಡರಿಗೆ ಕೆಲವೇ ವಾರಗಳ ಕೆಲಸ. ಅವರಿಗೆ ಬೇಕಿದ್ದುದು ಕಾಲೂರಲು ಇಷ್ಟು ನೆಲ. ತಾತ್ಕಾಲಿಕ ಶೆಡ್ಡು ವರ್ಷಗಟ್ಟಲೆ ಖಾಲಿಯಾಗದೆ ಉಳಿದಲ್ಲೆಲ್ಲ ಬುಡ ಕೆದಕಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಇದೇ ಕಾರಣ. ಹಣ ಆಮೇಲೆ ಬರುತ್ತದೆ, ಗುತ್ತಿಗೆದಾರ ಇನ್ನೂ ಆಮೇಲೆ. ಮೊದಲು ಆಗಬೇಕಾದದ್ದು ನೆಲದ ತೀರ್ಮಾನ. ಅದು ಆಗದಂತೆ ತಡೆಯುವ ನಿಯಮಗಳು ಎಲ್ಲೆಲ್ಲಿ ಕೂತಿವೆ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಪರಿಹಾರಕ್ಕೆ ದಿನದ ಲೆಕ್ಕವಿದೆ

ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಅದರ 12ನೇ ಕಲಮು, ಸಂತ್ರಸ್ತರಿಗೆ ಸಿಗಲೇಬೇಕಾದ ಕನಿಷ್ಠ ಸೌಲಭ್ಯಗಳಿಗೆ ಮಾರ್ಗಸೂಚಿ ಮಾಡಿ ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಹೇಳುತ್ತದೆ. ವಸತಿ, ಊಟ, ಕುಡಿಯುವ ನೀರು, ವೈದ್ಯಕೀಯ ನೆರವು, ಶೌಚ ಎಲ್ಲವೂ ಅದರಲ್ಲಿ ಸೇರಿವೆ. ಅದರಂತೆ ಪ್ರಾಧಿಕಾರ ಅಳತೆಗಳನ್ನು ಬರೆದಿಟ್ಟಿದೆ. ಪರಿಹಾರ ಕೇಂದ್ರದಲ್ಲಿ ತಲೆಗೆ 3.5 ಚದರ ಮೀಟರ್ ಸೂರು, 30 ಜನರಿಗೆ ಒಂದು ಶೌಚಾಲಯ, ಅದೂ 50 ಮೀಟರಿನೊಳಗೆ, ದಿನಕ್ಕೆ ತಲಾ 3 ಲೀಟರ್ ಕುಡಿಯುವ ನೀರು, ದೊಡ್ಡವರಿಗೆ 2,400 ಕ್ಯಾಲರಿ ಊಟ.

3.5 ಚದರ ಮೀಟರ್ ಎಂದರೆ ಸುಮಾರು 38 ಚದರ ಅಡಿ. ಚಾಪೆ ಹಾಸಿ, ಪಕ್ಕದಲ್ಲಿ ಒಂದು ಟ್ರಂಕು, ಎರಡು ಪಾತ್ರೆ ಇಟ್ಟರೆ ಜಾಗ ಮುಗಿಯಿತು. ಐದು ಜನರ ಮನೆಗೆ 190 ಚದರ ಅಡಿ, ಹನ್ನೆರಡು ಅಡಿಗೆ ಹದಿನಾರು ಅಡಿಯ ಒಂದು ಕೋಣೆ. ಹತ್ತು ದಿನಕ್ಕೆ, ಹೆಚ್ಚೆಂದರೆ ತಿಂಗಳಿಗೆ ಇದು ಸಾಕು. ಆ ಅಳತೆ ಬರೆದವರ ಮನಸ್ಸಿನಲ್ಲಿ ಇದ್ದದ್ದೂ ಅಷ್ಟೇ ಕಾಲ. ಆದರೆ ಅದೇ ಕೋಣೆಯಲ್ಲಿ ಮಗಳು ದೊಡ್ಡವಳಾಗುತ್ತಾಳೆ, ಮಗ ಹತ್ತನೇ ಕ್ಲಾಸು ಓದುತ್ತಾನೆ, ಅಜ್ಜ ಹಾಸಿಗೆ ಹಿಡಿಯುತ್ತಾನೆ. ಎರಡು ವರ್ಷದ ವಾಸಕ್ಕೆ ಎಷ್ಟು ಜಾಗ ಬೇಕು ಎಂದು ಪರಿಹಾರ ಕೇಂದ್ರದ ಅಳತೆ ಹೇಳುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಪ್ರಾಧಿಕಾರ ತಾತ್ಕಾಲಿಕ ವಸತಿಗೆಂದೇ ಬೇರೆ ಮಾರ್ಗಸೂಚಿ ತಂದಿತು. ಅದು ಬರುವ ಹೊತ್ತಿಗೆ ಕಲ್ಲಾರಿನ ನೆಲ ಕುಸಿದು ತಿಂಗಳಾಗಿತ್ತು.

ಖರ್ಚಿನ ನಿಯಮ ಇನ್ನೂ ಬಿಗಿ. ಪರಿಹಾರ ಕೇಂದ್ರಗಳಿಗೆ ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ಕೇಂದ್ರ ಗೃಹ ಇಲಾಖೆಯ ಮಾನದಂಡದ ಪ್ರಕಾರ ಕೇಂದ್ರ ನಡೆಸಲು 30 ದಿನದ ತನಕ ಖರ್ಚು ಹಾಕಬಹುದು. ಭಾರಿ ಪ್ರವಾಹ, ಭೂಕಂಪದಂಥ ವ್ಯಾಪಕ ಹಾನಿಯಾದರೆ 60 ದಿನ. 90 ದಿನ ಸಿಗುವುದು ತೀವ್ರ ಬರಕ್ಕೆ ಮಾತ್ರ. ಅಷ್ಟಾದ ಮೇಲೆ ತಹಶೀಲ್ದಾರರಿಗೆ ಆ ಬಾಬ್ತಿನಡಿ ಬಿಲ್ಲು ಬರೆಯಲು ಬರುವುದಿಲ್ಲ. ಕಾಳಜಿ ಕೇಂದ್ರ ಮುಚ್ಚಿದೆವು ಎಂದು ವರದಿ ಹೋಗುತ್ತದೆ. ಅಲ್ಲಿದ್ದವರು ಶಾಲೆಯ ಕಟ್ಟಡದಿಂದ ಶೆಡ್ಡಿಗೋ, ಲೈನ್ ಮನೆಗೋ, ನೆಂಟರ ಜಗುಲಿಗೋ ಹೋಗಿರುತ್ತಾರೆ. ಸರ್ಕಾರದ ಕಾಗದದಲ್ಲಿ ವಿಪತ್ತು ಮುಗಿದಿರುತ್ತದೆ. ಅಂದಿನಿಂದ ಮನೆ ಸಿಗುವ ದಿನದವರೆಗಿನ ಕಾಲಕ್ಕೆ ಹೊಣೆ ಯಾವ ಅಧಿಕಾರಿಯದು ಎಂಬುದಕ್ಕೆ ಸ್ಪಷ್ಟ ಉತ್ತರವಿಲ್ಲ, ವಾಯಿದೆಯೂ ಇಲ್ಲ. ಊಟ ಕೊಡಲು ದಿನದ ಮಿತಿ ಬರೆದವರು ನೆಲ ಕೊಡಲೂ ಒಂದು ದಿನದ ಮಿತಿ ಬರೆಯಬೇಕಿತ್ತು. ಇಡೀ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ.

ಲೈನ್ ಮನೆಯ ಬಾಳು

ಕೊಡಗು, ಚಿಕ್ಕಮಗಳೂರಿನವರಿಗೆ ಲೈನ್ ಮನೆ ಎಂದರೆ ಏನೆಂದು ಹೇಳಬೇಕಾಗಿಲ್ಲ. ಒಂದೇ ಗೋಡೆಯನ್ನು ಹಂಚಿಕೊಂಡ ಸಾಲುಮನೆಗಳು, ಮುಂದೊಂದು ಕೋಣೆ, ಹಿಂದೆ ಹೊಗೆಗಪ್ಪಿನ ಅಡುಗೆ ಮನೆ, ಮೇಲೆ ಶೀಟು. ವಾಲ್ಪಾರೈ ಬೆಟ್ಟದ ಮೇಲೂ ಹಾಗೆಯೇ. ಆಳಿಯಾರ್ ಅಣೆಕಟ್ಟೆಯ ಬುಡದಿಂದ 40 ಕಡಿದಾದ ತಿರುವು ಹತ್ತಿ ಹೋದರೆ ಕಣ್ಣು ಹಾಯುವಷ್ಟು ದೂರ ಟೀ ತೋಟ, ನಡುನಡುವೆ ಈ ಸಾಲುಮನೆಗಳು, ಸುತ್ತ ಹುಲಿ ಮೀಸಲು. ತೋಟದ ಕೆಲಸಕ್ಕೆ ಆಳು ಕಡಿಮೆಯಾದಂತೆ ಎಷ್ಟೋ ಲೈನುಗಳು ಖಾಲಿ ಬಿದ್ದವು. ಖಾಲಿ ಬಿದ್ದ ಮನೆ ಕಂಡಾಗ ಅಧಿಕಾರಿಗೆ ಅದು ಸಿದ್ಧವಾಗಿರುವ ವಸತಿ ಎಂದು ತೋರುವುದು ಸಹಜ. ಅಲ್ಲಿ ವಾಸ ಮಾಡುವವರಿಗೆ ಸೋರುವ ಶೀಟು, ಹೂತುಹೋದ ಚರಂಡಿ ಕಾಣುತ್ತದೆ.

ಇಲ್ಲಿ ಒಂದು ಕಾನೂನಿನ ಗಂಟಿದೆ. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕನಿಗೆ ಮನೆ ಕೊಡುವ, ಅದನ್ನು ದುರಸ್ತಿಯಲ್ಲಿಡುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹೊರಿಸಿತ್ತು. ಆದರೆ ಗುಡ್ಡ ಜಾರಿ ಬಂದ ಕಾಡರ್ ಕುಟುಂಬ ತೋಟದ ಕಾರ್ಮಿಕರಲ್ಲ, ಅವರ ಮನೆಯ ಶೀಟು ಬದಲಿಸುವ ಬಾಧ್ಯತೆ ಕಂಪನಿಗಿಲ್ಲ. ಕಟ್ಟಡ ಕಂಪನಿಯದ್ದಾದ್ದರಿಂದ ಕಂದಾಯ ಇಲಾಖೆ ಅದರ ಮೇಲೆ ಖರ್ಚು ಹಾಕಲು ಹಿಂಜರಿಯುತ್ತದೆ. ಕಾಡಿನಿಂದ ಹೊರಗಿರುವುದರಿಂದ ಅರಣ್ಯ ಇಲಾಖೆಯ ವ್ಯಾಪ್ತಿಗೂ ಬರುವುದಿಲ್ಲ. ಪರರ ಕಟ್ಟಡದಲ್ಲಿ ಕೊಟ್ಟ ತಾತ್ಕಾಲಿಕ ವಸತಿಯ ದುರಸ್ತಿಗೆ ಯಾರೂ ಹೊಣೆಯಾಗದಿರುವುದು ಹೀಗೆ.

ಮೇಲಾಗಿ ಕಾಡರಿಗೆ ಕಾಡೇ ಅಂಗಡಿ, ಕಾಡೇ ಕೂಲಿ. ಜೇನು, ಧೂಪ, ಗೆಡ್ಡೆಗೆಣಸು, ಹೊಳೆಯ ಮೀನು ಅವರ ಬದುಕಿನ ಆಧಾರ. ಲೈನ್ ಮನೆಯಿಂದ ಆ ಕಾಡಿಗೆ ಹೋಗಿಬರುವುದೆಂದರೆ ದಿನದ ದುಡಿಮೆಯಲ್ಲಿ ಒಂದು ಪಾಲು ನಡಿಗೆಗೇ ಹೋಗುತ್ತದೆ. ಟೀ ತೋಟದ ನಡುವೆ ಇದ್ದೂ ಟೀ ಕೊಯ್ಯುವ ಕೆಲಸ ಅವರದಲ್ಲ. ಆನೆಯ ಭಯವೂ ತಪ್ಪುವುದಿಲ್ಲ. ವಾಲ್ಪಾರೈ ಭಾಗದಲ್ಲಿ ಅಕ್ಕಿಯ ವಾಸನೆ ಹಿಡಿದು ಬರುವ ಆನೆಗಳು ಪಡಿತರ ಅಂಗಡಿ, ಲೈನ್ ಮನೆಗಳ ಬಾಗಿಲು, ಗೋಡೆ ಒಡೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಾಡಿನೊಳಗೆ ಆನೆಯ ದಾರಿ ಯಾವುದು, ಯಾವ ಹೊತ್ತಿಗೆ ಎಲ್ಲಿ ನಡೆಯಬಾರದು ಎಂದು ತಿಳಿದವರನ್ನು ತಂದು, ಆನೆ ಎಲ್ಲಿಂದ ಬಂದೀತೆಂದು ತಿಳಿಯದ ಜಾಗದಲ್ಲಿ ಕೂರಿಸಿದಂತಾಯಿತು.

ನಮ್ಮ ಉತ್ತರ ಕರ್ನಾಟಕದ ತಗಡಿನ ಶೆಡ್ಡಿನ ಕಷ್ಟ ಇನ್ನೊಂದು ಬಗೆಯದು. ಮಲಪ್ರಭಾ, ಘಟಪ್ರಭಾ ದಂಡೆಯ ನೆರೆ ಸಂತ್ರಸ್ತರಿಗೆ ಹಾಕಿಕೊಟ್ಟ ಶೆಡ್ಡುಗಳು ಮಳೆಗಾಲದ ಲೆಕ್ಕದವು. ಮಳೆ ನಿಂತು ಬೇಸಿಗೆ ಬಂದಾಗ ತಗಡು ಕಾದು ಒಳಗೆ ಕೂರಲಾಗುವುದಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಕೂಸು, ಮುದುಕರು ಮರದ ನೆರಳಿಗೆ ಹೋಗಬೇಕು, ಒಲೆಯೂ ಹೊರಗೇ. ದನ ಕಟ್ಟಲು ಜಾಗವಿಲ್ಲ, ಜೋಳದ ಚೀಲ ಇಡಲು ಮೂಲೆಯಿಲ್ಲ. ಪಕ್ಕದ ಶೆಡ್ಡಿನವರು ಪಿಸುಗುಟ್ಟಿದರೂ ಈಚೆಗೆ ಕೇಳುತ್ತದೆ. ಸ್ನಾನಕ್ಕೆ ಹೆಣ್ಣುಮಕ್ಕಳು ಇನ್ನೂ ಬೆಳಕು ಹರಿಯುವ ಮೊದಲೇ ಏಳುತ್ತಾರೆ. ಇವು ವರದಿಯಲ್ಲಿ ಬರುವುದಿಲ್ಲ, ಏಕೆಂದರೆ ಹಾನಿಯ ನಮೂನೆಯಲ್ಲಿ ಇವಕ್ಕೊಂದು ಕಾಲಂ ಇಲ್ಲ.

ಗುಡಿಸಲಿಗೆ 4,100, ಮನೆಗೆ ಲಕ್ಷ

ಹಾನಿಯ ಲೆಕ್ಕ ಹಿಡಿಯುವುದು ಕಂದಾಯ ಇಲಾಖೆ. ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಬರೆಯುತ್ತಾರೆ. ಆಗ ಅವರು ಬರೆಯುವ ಒಂದು ಪದದ ಮೇಲೆ ಕುಟುಂಬದ ಮುಂದಿನ ಹತ್ತು ವರ್ಷ ನಿಂತಿರುತ್ತದೆ. 2019ರಲ್ಲಿ ಜಾರಿಯಲ್ಲಿದ್ದ ಮಾನದಂಡದಂತೆ ಪೂರ್ತಿ ಬಿದ್ದ ಮನೆಗೆ ಬಯಲುಸೀಮೆಯಲ್ಲಿ 95,100 ರೂಪಾಯಿ, ಗುಡ್ಡಗಾಡಿನಲ್ಲಿ 1,01,900 ರೂಪಾಯಿ. ಅದೇ ಕಟ್ಟಡವನ್ನು ಗುಡಿಸಲು ಎಂದು ಬರೆದರೆ 4,100 ರೂಪಾಯಿ. 2022ರಲ್ಲಿ ಮೊತ್ತ ಏರಿ ಮನೆಗೆ 1,20,000 ಮತ್ತು 1,30,000, ಗುಡಿಸಲಿಗೆ 8,000 ಆಯಿತು. ಅಂತರ ಮಾತ್ರ ದೊಡ್ಡದಾಗಿಯೇ ಉಳಿಯಿತು.

ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ್ದು, ಕಚ್ಚಾ ಮನೆಗಿಂತ ಕಡಿಮೆ ದರ್ಜೆಯದು ಗುಡಿಸಲು ಎಂದು ಮಾನದಂಡ ಹೇಳುತ್ತದೆ. ಕಾಡಿನಲ್ಲಿ ಬಿದಿರು, ಮಣ್ಣಿನಿಂದ ಕಟ್ಟಿ ತಲೆಮಾರು ಬಾಳಿದ ಮನೆ ಇದರಲ್ಲಿ ಯಾವ ಕಡೆಗೆ ಬಿದ್ದೀತು ಎಂದು ಊಹಿಸಬಹುದು. ಇದರ ಜೊತೆಗೆ, ಬಿದ್ದ ಮನೆ ಅಧಿಕೃತ ಕಟ್ಟಡವೆಂದು ಸಕ್ಷಮ ಅಧಿಕಾರಿ ದೃಢೀಕರಿಸಿರಬೇಕು ಎಂಬ ಇನ್ನೊಂದು ಷರತ್ತು. ಕಾಡಿನೊಳಗೆ ಪಟ್ಟಾ ಇಲ್ಲ, ಹೊಳೆದಂಡೆಯಲ್ಲಿ ಹಕ್ಕುಪತ್ರ ಇಲ್ಲ, ಎಸ್ಟೇಟಿನ ಲೈನಿನಲ್ಲಿ ಮನೆ ಸ್ವಂತದ್ದಲ್ಲ. ಗುಡ್ಡ ಜಾರುವ, ನದಿ ಉಕ್ಕುವ ಜಾಗಗಳಲ್ಲಿ ಇರುವವರು ಹೆಚ್ಚಾಗಿ ಇಂಥವರೇ. ಯಾರಿಗೆ ಹೆಚ್ಚು ಅಪಾಯವಿದೆಯೋ ಅವರನ್ನೇ ಈ ಷರತ್ತು ಹೊರಗಿಡುತ್ತದೆ. ಕೊಡಗಿನ ಕಾವೇರಿ ದಂಡೆಯ ನೆಲ್ಲಿಹುದಿಕೇರಿ, ಕರಡಿಗೋಡು ಭಾಗದ ಕುಟುಂಬಗಳು 2019ರ ನಂತರವೂ ಮಳೆಗಾಲ ಬಂದಾಗ ಕಾಳಜಿ ಕೇಂದ್ರಕ್ಕೆ ಹೋಗಿ, ನೀರಿಳಿದ ಮೇಲೆ ಅದೇ ದಂಡೆಗೆ ಮರಳಿದ್ದಕ್ಕೆ ಇದೇ ಹಿನ್ನೆಲೆ.

ಕಾಡಿನ ನೆಲ ಕೇಳುವ ದಾರಿ

ಕಂದಾಯ ಭೂಮಿಯಾದರೆ ಜಿಲ್ಲಾಧಿಕಾರಿ ಮನಸ್ಸು ಮಾಡಿದರೆ ತಿಂಗಳಲ್ಲಿ ನಿವೇಶನ ಗುರುತಿಸಬಹುದು. ಅರಣ್ಯದಲ್ಲಿ ಹಾಗಾಗುವುದಿಲ್ಲ. ಆನೈಮಲೈ ಹುಲಿ ಮೀಸಲು ಘೋಷಣೆಯಾದದ್ದು 2007ರಲ್ಲಿ. ಕೊಯಮತ್ತೂರಿನ ಪೊಳ್ಳಾಚಿ ವಿಭಾಗ, ತಿರುಪ್ಪೂರಿನ ಉಡುಮಲೈ, ಅಮರಾವತಿ ವಲಯಗಳು ಅದರೊಳಗೆ ಬರುತ್ತವೆ. ಕಾಡರ್, ಮಲಸರ್, ಮಲೈ ಮಲಸರ್, ಎರವಳ್ಳರ್, ಮುದುವರ್, ಪುಲಯರ್ ಸಮುದಾಯಗಳ ಹಾಡಿಗಳು ಈ ಕಾಡಿನ ತುಂಬ ಇವೆ. ಅವರಿಗಿರುವ ಮುಖ್ಯ ಆಸರೆ 2006ರ ಅರಣ್ಯ ಹಕ್ಕು ಕಾಯ್ದೆ.

ಆ ಕಾಯ್ದೆ ನಡೆಯುವ ಬಗೆ ಹೀಗೆ. ಹಾಡಿಯ ಗ್ರಾಮಸಭೆ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಅರ್ಜಿ ಬರುವುದು ಅದರ ಮುಂದೆ. ವೈಯಕ್ತಿಕ ಹಕ್ಕಿಗೆ ಒಂದು ನಮೂನೆ, ಸಮುದಾಯದ ಹಕ್ಕಿಗೆ ಇನ್ನೊಂದು. ಸಮಿತಿ ಸ್ಥಳಕ್ಕೆ ಹೋಗಿ ನೋಡುತ್ತದೆ, ಗ್ರಾಮಸಭೆ ನಿರ್ಣಯ ಮಾಡುತ್ತದೆ, ಅಲ್ಲಿಂದ ಉಪವಿಭಾಗ ಮಟ್ಟದ ಸಮಿತಿಗೆ, ಕೊನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಅರ್ಜಿ ತಿರಸ್ಕರಿಸಿದರೆ ಕಾರಣ ತಿಳಿಸಬೇಕು, 60 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಬರುತ್ತದೆ. ಮಾರುವಂತಿಲ್ಲ, ಮಕ್ಕಳಿಗೆ ಹೋಗುತ್ತದೆ. ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ.

ಪುರಾವೆಯ ವಿಷಯದಲ್ಲಿ ಈ ಕಾಯ್ದೆಯ ನಿಯಮ ಉದಾರವಾಗಿದೆ. ಹಳೆಯ ಮನೆಯ ಪಾಯ, ಬಾವಿ, ಸ್ಮಶಾನ, ದೈವದ ನೆಲೆ, ಹಿರಿಯರ ಹೇಳಿಕೆ ಎಲ್ಲವೂ ಸಾಕ್ಷಿಯಾಗುತ್ತವೆ. ಆದರೆ ಭೂಕುಸಿತದ ಮುಂದೆ ಈ ಉದಾರತೆ ಸೋಲುತ್ತದೆ. ಗುಡ್ಡ ಜಾರಿದಾಗ ಪಾಯವೂ ಹೋಗುತ್ತದೆ, ಬಾವಿಯೂ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಕಾಯ್ದೆ ಕೊಡುವುದು 2005ರ ಡಿಸೆಂಬರ್ 13ಕ್ಕೆ ಮೊದಲೇ ಸ್ವಾಧೀನದಲ್ಲಿದ್ದ ನೆಲವನ್ನು. 2019ರಲ್ಲಿ ಊರು ಜಾರಿದವರು ಬೇರೆ ಕಡೆಯ ನೆಲ ಕೇಳಿದರೆ, ಅಲ್ಲಿ ನೀವು 2005ರಲ್ಲಿ ಇರಲಿಲ್ಲವಲ್ಲ ಎಂಬ ಮಾತು ಬರುತ್ತದೆ. ಪ್ರಕೃತಿ ವಿಕೋಪದಿಂದ ನೆಲೆ ತಪ್ಪಿದವರಿಗೆ ಕಾಡಿನೊಳಗೆ ಬದಲಿ ಜಾಗ ಎಂಬ ನೇರ ಕಲಮು ಇಲ್ಲ. ಕಾಡರ ವಾದ ಬೇರೆಯಿತ್ತು. ತೆಪ್ಪಕುಳಮೇಡು ಹೊರಗಿನ ಜಾಗವಲ್ಲ, ತಲೆತಲಾಂತರದಿಂದ ನಾವು ತಿರುಗಾಡಿ ಬದುಕಿದ ನಮ್ಮದೇ ಕಾಡಿನ ಭಾಗ ಎಂದು ಅವರು ಪಟ್ಟು ಹಿಡಿದರು. ಲೈನ್ ಮನೆಯಲ್ಲೇ ಉಳಿದುಬಿಟ್ಟರೆ ಕಾಡಿನ ಮೇಲಿನ ಹಕ್ಕು ಕೈಬಿಟ್ಟುಹೋದೀತು ಎಂಬ ಆತಂಕ ಅವರದು. ಮನವಿ ಕೊಟ್ಟರು, ಧರಣಿ ಕೂತರು, ಮತ್ತೆ ಮನವಿ ಕೊಟ್ಟರು. ಮುಂಚೂಣಿಯಲ್ಲಿ ಹೆಂಗಸರಿದ್ದರು. ಕೊನೆಗೆ ಆಡಳಿತ ಒಪ್ಪಿತು.

ತಮಿಳುನಾಡಿನಲ್ಲಿ ಈ ಕಾಯ್ದೆಯೇ ತಡವಾಗಿ ಉಸಿರಾಡಿದ್ದು ಕೂಡ ಇಲ್ಲಿ ಹೇಳಬೇಕು. 2008ರಲ್ಲಿ ಮದ್ರಾಸ್ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಹಕ್ಕುಪತ್ರ ಕೊಡುವ ಕೆಲಸಕ್ಕೆ ತಡೆ ಬಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಆ ತೊಡಕನ್ನು ಬಿಡಿಸಿತು. ಕರ್ನಾಟಕದ ಹಾಡಿಗಳಲ್ಲಿ ಅರ್ಜಿಗಳು ಓಡಾಡುತ್ತಿದ್ದ ಎಂಟು ವರ್ಷ ಅಲ್ಲಿ ಹಕ್ಕುಪತ್ರ ಕೈಗೆ ಬರಲಿಲ್ಲ. ಮಳೆ ಬಂದಾಗ ಕೈಯಲ್ಲಿ ಕಾಗದವಿದ್ದಿದ್ದರೆ ಮಾತುಕತೆ ಬೇರೆ ಮಟ್ಟದಲ್ಲಿ ನಡೆಯುತ್ತಿತ್ತು.

ಗಡಿಗೆರೆಯ ಆಟ ಇನ್ನೊಂದಿದೆ. ಗುಡ್ಡದ ಆಚೆ, ಕೇರಳದ ಪರಂಬಿಕುಳಂ, ವಾಳಚ್ಚಾಲ್ ಕಡೆಯ ಕಾಡರು ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ. ಈಚೆಯ ತಮಿಳುನಾಡಿನ ಕಾಡರು ಆ ಪಟ್ಟಿಯಲ್ಲಿಲ್ಲ. ಅದೇ ಜನ, ಅದೇ ಕಾಡು. 2023ರ ನವೆಂಬರಿನಲ್ಲಿ ಆರಂಭವಾದ ಪಿಎಂ ಜನಮನ್ ಯೋಜನೆಯ ಮನೆಗಳು ಆ ಪಟ್ಟಿಯಲ್ಲಿರುವ ಸಮುದಾಯಗಳಿಗೆ ಮೀಸಲು. ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ಮೇಲಿನ ಬೆಟ್ಟಗಳಲ್ಲಿರುವ ಪುಲಯರ ಸ್ಥಿತಿ ಇನ್ನೂ ಇಕ್ಕಟ್ಟಿನದು. ತಮಿಳುನಾಡಿನ ಪಟ್ಟಿಯಲ್ಲಿ ಅವರು ಪರಿಶಿಷ್ಟ ಜಾತಿ. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬುದು ಅವರ ಹಳೆಯ ಬೇಡಿಕೆ. ಅಲ್ಲಿಯವರೆಗೆ ಅರಣ್ಯ ಹಕ್ಕು ಕಾಯ್ದೆಯಡಿ ಅವರು ಇತರ ಪಾರಂಪರಿಕ ಅರಣ್ಯವಾಸಿಗಳು. ಎಂದರೆ ಮೂರು ತಲೆಮಾರು, 75 ವರ್ಷ ಅಲ್ಲಿದ್ದೆವೆಂದು ಸಾಬೀತು ಮಾಡಬೇಕು. ಹತ್ತಿರ ಹತ್ತಿರದ ಹಾಡಿಗಳ ಮೇಲೆ ಒಂದೇ ದಿನ ಗುಡ್ಡ ಜಾರಿದರೂ ಮುದುವರ್ ಕುಟುಂಬಕ್ಕೂ ಪುಲಯರ್ ಕುಟುಂಬಕ್ಕೂ ದಾರಿ ಬೇರೆ ಬೇರೆಯಾಗುತ್ತದೆ.

ಅರಣ್ಯ ಹಕ್ಕು ಕಾಯ್ದೆಯ ಮೂರನೇ ಕಲಮಿನ ಎರಡನೇ ಉಪಕಲಮು ಉಪಯೋಗಕ್ಕೆ ಬರುವಂಥದ್ದು, ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. ಗ್ರಾಮಸಭೆ ಶಿಫಾರಸು ಮಾಡಿದರೆ ಹದಿಮೂರು ಬಗೆಯ ಸೌಕರ್ಯಗಳಿಗೆ ಪ್ರತಿ ಬಾರಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಬಹುದು. ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರು, ರಸ್ತೆ, ಸಮುದಾಯ ಭವನ ಆ ಪಟ್ಟಿಯಲ್ಲಿವೆ. ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಿರುಮೂರ್ತಿ ಬೆಟ್ಟದ ಬುಡಕ್ಕೆ ಇಳಿಸುತ್ತಿದ್ದ ಕುರುಮಲೈ, ಕುಳಿಪಟ್ಟಿ ಹಾಡಿಯವರು ರಸ್ತೆ ಕೇಳಿದ್ದೂ ಈ ಕಾಯ್ದೆಯ ಬಲದಲ್ಲೇ. ಮನೆ ಈ ಪಟ್ಟಿಯಲ್ಲಿಲ್ಲ. ಆದರೆ ಸಮುದಾಯ ಭವನವಿದೆ. ಗಟ್ಟಿ ನೆಲ ನೋಡಿ, ನೀರು, ಶೌಚಾಲಯ ಸಮೇತ ಒಂದು ಭವನವನ್ನು ಮಳೆಗೆ ಮೊದಲೇ ಕೇಳಿ ಕಟ್ಟಿಸಿಕೊಂಡರೆ, ನಾಳೆ ಗುಡ್ಡ ಜಾರಿದ ದಿನ ಹಾಡಿಯ ಜನ ಕಾಡಿನೊಳಗೇ, ತಮ್ಮವರ ನಡುವೆಯೇ ಉಳಿಯಬಹುದು.

ನೆಲ ಸಿಕ್ಕ ಕಡೆ ಏನಾಯಿತು

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಜಂಬೂರು, ಮದೆನಾಡು, ಕರ್ಣಂಗೇರಿಯಂಥ ಕಡೆ ಸರ್ಕಾರಿ ಜಾಗ ಗುರುತಾಯಿತು. ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ತಲಾ 9.85 ಲಕ್ಷ ರೂಪಾಯಿಯ, ಎರಡು ಮಲಗುವ ಕೋಣೆಯ ಮನೆಗಳು ಎದ್ದವು. ಕಾಯುವ ಕಾಲಕ್ಕೆ ಬಾಡಿಗೆ ಹಣವೂ ಬಂತು. ಜಂಬೂರು, ಮದೆನಾಡಿನ ಮನೆಗಳ ಬೀಗದ ಕೈ ಸಿಕ್ಕಿದ್ದು 2020ರ ಜೂನ್‌ನಲ್ಲಿ. ನೆಲ ಬೇಗ ಸಿಕ್ಕರೂ ಎರಡು ವರ್ಷ ಹಿಡಿಯಿತು ಎಂದರೆ ನೆಲವೇ ಸಿಗದವರ ಪಾಡು ಲೆಕ್ಕ ಹಾಕಿ.

ಬೇಗ ಸಿಕ್ಕ ನೆಲವೆಲ್ಲ ಸರಿಯಾದ ನೆಲವೂ ಅಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯಡಿ ನವಗ್ರಾಮಗಳು ಎದ್ದವು. ಎಷ್ಟೋ ಕಡೆ ಜನ ಹೋಗಲಿಲ್ಲ. ಹೊಲ ದೂರ, ದನಕ್ಕೆ ಜಾಗವಿಲ್ಲ, ಮನೆ ಇಕ್ಕಟ್ಟು. ಬಾಗಿಲು ಕಿತ್ತುಹೋಗಿ ಜಾಲಿ ಬೆಳೆದ ಆಸರೆ ಮನೆಗಳನ್ನು ಬಾಗಲಕೋಟೆ, ಗದಗ ಕಡೆ ಓಡಾಡಿದವರು ಕಂಡಿದ್ದಾರೆ. ಹತ್ತು ವರ್ಷದ ಮೇಲೆ 2019ರಲ್ಲಿ ಅದೇ ಹಳೆಯ ಊರುಗಳಿಗೆ ಮತ್ತೆ ನೀರು ನುಗ್ಗಿತು. ಆಗ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಫೋಟೋ ಹೊಡೆದು ಕಳಿಸಿದ ಮೇಲೆ ಕಂತು. ಪಾಯಕ್ಕೆ ಕೈಯಿಂದ ಹಾಕಲು ಹಣವಿಲ್ಲದವನು ಮೊದಲ ಕಂತಿನಲ್ಲೇ ಸಿಕ್ಕಿಕೊಂಡ, ಶೆಡ್ಡಿನಲ್ಲೇ ಉಳಿದ.

ವಯನಾಡಿನ ಮುಂಡಕ್ಕೈ, ಚೂರಲ್‌ಮಲ ದುರಂತ 2024ರ ಜುಲೈ 30ರ ನಸುಕಿನದು. ಅದೇ ದಿನ ವಾಲ್ಪಾರೈನ ಶೋಲಯಾರ್ ಬಳಿ ಮನೆಯ ಮೇಲೆ ಮಣ್ಣು ಕುಸಿದು ಅಜ್ಜಿ, ಮೊಮ್ಮಗಳು ತೀರಿಕೊಂಡರು. ಕೇರಳ ಸರ್ಕಾರ ಸಂತ್ರಸ್ತರಿಗೆ ಶೆಡ್ಡು ಹಾಕದೆ ತಿಂಗಳಿಗೆ 6,000 ರೂಪಾಯಿ ಬಾಡಿಗೆ ಕೊಟ್ಟಿತು. ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಟೌನ್‌ಶಿಪ್ ಎಂದು ತೀರ್ಮಾನವಾಯಿತು, ಎಸ್ಟೇಟಿನವರು ಕೋರ್ಟಿಗೆ ಹೋದರು. ಪರಿಹಾರ ಕೊಟ್ಟು ವಿಪತ್ತು ನಿರ್ವಹಣಾ ಕಾಯ್ದೆಯಡಿ ಭೂಮಿ ತೆಗೆದುಕೊಳ್ಳಬಹುದು ಎಂದು ಡಿಸೆಂಬರಿನಲ್ಲಿ ಕೇರಳ ಹೈಕೋರ್ಟ್ ಹೇಳಿತು. ಅಡಿಗಲ್ಲು ಬಿದ್ದದ್ದು 2025ರ ಮಾರ್ಚ್ 27ರಂದು. ಇಡೀ ದೇಶದ ಕಣ್ಣು ನೆಟ್ಟಿದ್ದ, ನೂರು ಮನೆ ಕೊಡುತ್ತೇವೆಂದು ಕರ್ನಾಟಕವೂ ಮುಂದೆ ಬಂದಿದ್ದ ಪ್ರಕರಣದಲ್ಲೇ ನೆಲಕ್ಕೆ ಸುಮಾರು ಎಂಟು ತಿಂಗಳು ಬೇಕಾಯಿತು. ಆದರೂ ಆ ತೀರ್ಪಿನಲ್ಲಿ ಎಲ್ಲ ರಾಜ್ಯಗಳಿಗೂ ಒಂದು ದಾರಿ ಇದೆ. ಪಕ್ಕದಲ್ಲಿ ಎಸ್ಟೇಟ್ ಇರುವಾಗ ನೆಲವಿಲ್ಲ ಎಂಬ ಉತ್ತರ ಇನ್ನು ಮುಂದೆ ಅಷ್ಟು ಸುಲಭವಲ್ಲ. ಜೊತೆಗೆ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ವಿಪತ್ತು ನಿಧಿಯಲ್ಲಿ ಶೇಕಡ 30ರಷ್ಟನ್ನು ಪುನರ್‌ನಿರ್ಮಾಣಕ್ಕೆಂದೇ ತೆಗೆದಿಟ್ಟಿತು.

ಸಂತ್ರಸ್ತರ ಜೊತೆ ನಿಲ್ಲುವವರು, ಸ್ವತಃ ಸಂತ್ರಸ್ತರು ಮೊದಲ ವಾರಗಳಲ್ಲೇ ಮಾಡಬೇಕಾದ ಕೆಲವು ಕೆಲಸಗಳಿವೆ. ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಮನೆ ಎಂದಿದೆಯೋ ಗುಡಿಸಲು ಎಂದಿದೆಯೋ ಓದಿಸಿ ನೋಡಿ. ಬಿದ್ದ ಮನೆಯ ಫೋಟೋವನ್ನು ದಿನಾಂಕ ಕಾಣುವಂತೆ, ಮನೆಯವರು ಎದುರು ನಿಂತು ತೆಗೆಸಿಕೊಳ್ಳಿ. ಪಟ್ಟಿ ಪ್ರಕಟವಾದಾಗ ಹೆಸರು ಬಿಟ್ಟುಹೋಗಿದ್ದರೆ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಶೆಡ್ಡಿಗೆ ಹೋಗುವ ಮುನ್ನ ಇದು ಎಷ್ಟು ದಿನಕ್ಕೆ, ದುರಸ್ತಿ ಯಾರದು, ಹಳೆಯ ನೆಲದ ಹಕ್ಕು ಉಳಿಯುತ್ತದೆಯೇ ಎಂಬ ಮೂರು ಪ್ರಶ್ನೆಗೆ ಉತ್ತರ ಕಾಗದದಲ್ಲಿರಲಿ. ಅರಣ್ಯದ ಹಾಡಿಯಾದರೆ ಪರಿಹಾರ ಕೇಂದ್ರದಲ್ಲೇ ಗ್ರಾಮಸಭೆ ಸೇರಿಸಿ ಬದಲಿ ಜಾಗದ ನಿರ್ಣಯ ಬರೆಯಿರಿ, ಅರ್ಧದಷ್ಟು ಸದಸ್ಯರು ಹಾಜರಿರಲಿ, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಲಿ. ಹಿರಿಯರ ಹೇಳಿಕೆಗಳನ್ನು ಅವರಿರುವಾಗಲೇ ದಾಖಲಿಸಿ.

ಇನ್ನು ಗುಡ್ಡ ಜಾರದ, ಹೊಳೆ ಉಕ್ಕದ ದಿನಗಳಲ್ಲಿ ಇದನ್ನು ಓದುತ್ತಿರುವ ನಮ್ಮ ಪಾಲಿನ ಕೆಲಸವೂ ಇದೆ. ಜೂನ್ ಮಳೆಗೆ ಮೊದಲು ಪಂಚಾಯ್ತಿಗಳಲ್ಲಿ ವಿಪತ್ತು ಸಿದ್ಧತೆಯ ಸಭೆ ನಡೆಯುತ್ತದೆ. ದೋಣಿ ಎಷ್ಟಿವೆ, ಅಕ್ಕಿ ಎಷ್ಟಿದೆ ಎಂಬ ಲೆಕ್ಕ ಅಲ್ಲಿ ಬರುತ್ತದೆ. ನಿಮ್ಮ ಊರು ಇಳಿಜಾರಿನಲ್ಲೋ ಹೊಳೆದಂಡೆಯಲ್ಲೋ ಇದ್ದರೆ ಆ ಸಭೆಗೆ ಹೋಗಿ ಎದ್ದು ನಿಂತು ಕೇಳಿ: ನಮ್ಮ ಮನೆಗಳು ಹೋದರೆ ನಮಗೆ ಕೊಡುವ ನೆಲ ಯಾವುದು, ಅದರ ಸರ್ವೇ ನಂಬರ್ ಏನು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಮನೆಗೆ ಬರಬೇಡಿ.